ಲೋಟದ ಸದ್ದಿನ ನಂತರ ಸ್ವಲ್ಪ ಜಾಗ

ಕಳೆದ ಭಾನುವಾರ ಬೆಳಿಗ್ಗೆ ಕೇರಿಯ ಅರ್ಧ ಜನ ನಮ್ಮ ಮನೆಗೆ ಹೆಣ ನೋಡಲು ಬಂದರು.

ಯಾರೂ ಸತ್ತಿರಲಿಲ್ಲ.

ಪಕ್ಕದ ಮನೆಯ ದೇವಕಿಯಕ್ಕ ಗ್ಯಾಸ್ ಆರಿಸಿ, ಅರ್ಧ ಬೆಂದ ಬಂಗಡೆ ಸಾರನ್ನು ಹಾಗೇ ಬಿಟ್ಟು ಓಡಿಬಂದಿದ್ದರು. (ಕುಮಟಾದ ನಮ್ಮ ಕೇರಿಯಲ್ಲಿ ಒಂದು ಮನೆಯಲ್ಲಿ ಸಾವಾದರೆ, ಹೆಣ ಎತ್ತುವವರೆಗೆ ಅಕ್ಕಪಕ್ಕದ ಮನೆಗಳಲ್ಲೂ ಒಲೆ ಉರಿಸುವುದಿಲ್ಲ. ಸೌದೆ ಹೋಗಿ ಗ್ಯಾಸ್ ಬಂದ ಮೇಲೂ ಈ ನಿಯಮ ಬದಲಾಗಿಲ್ಲ.) ಎದುರು ಮನೆಯ ಮಂಜಣ್ಣ ನಮ್ಮ ಗೇಟು ತಲುಪುವ ಮೊದಲೇ ಫೋನಿನಲ್ಲಿ ಚಟ್ಟಕ್ಕೆ ಬಿದಿರು ಹೇಳಿ ಮುಗಿಸಿದ್ದರು. ಕೇರಿಯಲ್ಲಿ ಯಾರು ತೀರಿಕೊಂಡರೂ ಮುಂದಿನ ವ್ಯವಸ್ಥೆ ಅವರದೇ. ಯಾರೂ ವಹಿಸಿದ್ದಲ್ಲ, ಅವರು ಬಿಟ್ಟುಕೊಟ್ಟದ್ದೂ ಇಲ್ಲ.

ಬಾಗಿಲು ತೆರೆದವಳು ನಾನು. ಉತ್ತರಪತ್ರಿಕೆ ತಿದ್ದುತ್ತಿದ್ದವಳು ಕೆಂಪು ಪೆನ್ನು ಹಿಡಿದುಕೊಂಡೇ ಎದ್ದು ಬಂದಿದ್ದೆ. ಏನೆಂದು ಕೇಳುವಷ್ಟರಲ್ಲಿ ದೇವಕಿಯಕ್ಕ ಮೆಟ್ಟಿಲ ಮೇಲೆ ಕುಸಿದು ಕೂತರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ತೆಗೆದು ಶುರು ಮಾಡಿಯೇಬಿಟ್ಟರು.

“ಅಯ್ಯೋ ಶಾರದೇ... ಗಂಡ ಹೋಗಿ ವರ್ಷ ಆಗಲಿಲ್ಲ, ನೀನೂ ಹಿಂದೇ ಹೋದ್ಯಲ್ಲೇ... ಮದ್ವೆ ಆಗದ ಮಕ್ಕಳನ್ನ ಯಾರ ಕೈಗೆ ಕೊಟ್ಟು ಹೋದ್ಯೇ...”

ಶಾರದೆ ನನ್ನ ಆಯಿ. ಅಂದರೆ ಅಮ್ಮ. ಅವಳು ಆ ಹೊತ್ತಿಗೆ ಮೀನು ಪೇಟೆಯಲ್ಲಿದ್ದಳು.

ನಮ್ಮ ಕಡೆ ಅಳುವುದಕ್ಕೂ ಒಂದು ಕ್ರಮವಿದೆ. ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಅವರು ಮಾಡಿದ್ದನ್ನು ಹೇಳಬೇಕು. ಅರ್ಧಕ್ಕೆ ಬಿಟ್ಟದ್ದನ್ನು ಕೇಳಬೇಕು. ದೇವಕಿಯಕ್ಕ ಇದರಲ್ಲಿ ಪಳಗಿದವರು. ಅವರು ಅತ್ತರೆ ಕಲ್ಲೂ ಮೂಗು ಒರೆಸಿಕೊಳ್ಳುತ್ತದೆ. ಅಂಥವರನ್ನು ನಡುವೆ ತಡೆಯುವುದು ಹೇಗೆ? “ಅಕ್ಕಾ, ಆಯಿ ಮೀನಿಗೆ ಹೋಗಿದಾಳೆ” ಎಂದು ನಾನು ಹೇಳಿದೆ. ನನ್ನ ಸ್ವರ ಮೊದಲೇ ಸಣ್ಣದು. ಆಯಿ ತರುತ್ತಿದ್ದ ಮೀನಿನ ರುಚಿಯನ್ನು ದೇವಕಿಯಕ್ಕ ಆಗಲೇ ಹಾಡಿ ಹೊಗಳುತ್ತಿದ್ದುದರಿಂದ, ನನ್ನ ಮಾತೂ ಅದರಲ್ಲೇ ಸೇರಿಹೋಯಿತು.

ಅಷ್ಟರಲ್ಲಿ ಆಯಿ ಬಂದಳು.

ಗೇಟಿನಲ್ಲಿ ನಿಂತು ಜನರನ್ನು ನೋಡಿದಳು. ಮೀನಿನ ಚೀಲವನ್ನು ಹೊರಗೇ ಇಟ್ಟಳು. (ಸಾವಿನ ಮನೆಯೊಳಗೆ ಮೀನು ತರುವಂತಿಲ್ಲ. ಅದು ತನ್ನದೇ ಮನೆಯಾದರೂ.) ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಬಂದು, ದೇವಕಿಯಕ್ಕನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು:

“ಯಾರಾ ದೇವಕಿ ಹೋದ್ದು?”

ದೇವಕಿಯಕ್ಕ ತಲೆಯೆತ್ತಲಿಲ್ಲ. “ಶಾರದೆ!” ಎಂದು ಬಿಕ್ಕಿದರು.

“ಯಾವ ಶಾರದೆ?”

ಆಗ ತಲೆಯೆತ್ತಿದರು.

“ಹೆಣ್ಣೇ, ನೀ ಸಾಯ್ಲಿಲ್ಲೇನೇ?” ಆ ಪ್ರಶ್ನೆಯಲ್ಲಿ ಸಂತೋಷಕ್ಕಿಂತ ದೂರು ಹೆಚ್ಚಿತ್ತು. “ಸಾರು ಅರ್ಧಕ್ಕೇ ಬಿಟ್ ಬಂದೆ ಮಾರಾಯ್ತಿ!”

ಹಿಂದೆ ಮಂಜಣ್ಣ ಆಗಲೇ ಫೋನು ಕಿವಿಗೆ ಹಚ್ಚಿದ್ದರು. “ಹಲೋ, ಬಿದಿರು ಬ್ಯಾಡ... ಇಲ್ಲ, ಸತ್ತಿಲ್ಲ... ಅರೇ, ನನ್ನೆದುರಿಗೇ ನಿಂತದೆ, ನಾ ಸುಳ್ಳು ಹೇಳ್ತನಾ?... ಕಡಿದಾತಾ? ಕಡಿದಿದ್ದು ಬದಿಗಿಟ್ಟಿರು. ಯಾವತ್ತಾದ್ರೂ ಬೇಕಾತದೆ.”

ಒಳಗಿನ ಕೋಣೆಯ ಬಾಗಿಲು ತೆರೆದು ನನ್ನ ತಮ್ಮ ವಿನಯ್ ಹೊರಗೆ ಬಂದ. ಕುತ್ತಿಗೆಗೆ ಹೆಡ್‌ಫೋನ್, ಮೈಯೆಲ್ಲ ಬೆವರು. ಇಷ್ಟು ಜನರನ್ನು ನೋಡಿ ಅವನೂ ಕೇಳಿದ:

“ಎಂತ ಆತು? ಯಾರು ಹೋದ್ರು?”

ಆದದ್ದು ಇಷ್ಟೇ. ಅವನು ಹಾಡುತ್ತಿದ್ದ.

*

ವಿನಯ್ ಹೊನ್ನಾವರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಮದುವೆ, ಮುಂಜಿ, ಭಾಷಣ ಎಲ್ಲದಕ್ಕೂ ವಯರು ಎಳೆಯುತ್ತಾನೆ. ಅದು ಊರಿಗೆ ಗೊತ್ತಿರುವ ವಿನಯ್. ಊರಿಗೆ ಗೊತ್ತಿಲ್ಲದ ವಿನಯ್ ಒಂದು ಮೆಟಲ್ ಬ್ಯಾಂಡಿನ ಗಾಯಕ.

ಬ್ಯಾಂಡಿನಲ್ಲಿ ಮೂವರೇ. ಗಿಟಾರಿಗೆ ಹೊನ್ನಾವರದ ಆಲ್ವಿನ್, ಚರ್ಚಿನಲ್ಲಿ ಹಾಡಿ ಬೆಳೆದವನು. ಡ್ರಮ್ಸಿಗೆ ಭಟ್ಕಳದ ಫಯಾಜ್, ಅತ್ತರಿನ ಅಂಗಡಿಯವನು. ಡ್ರಮ್ಸಿನ ಹಿಂದೆ ಕೂತರೂ ಗುಲಾಬಿಯ ವಾಸನೆ ಬರುತ್ತದೆ. ಬ್ಯಾಂಡಿನ ಹೆಸರು ‘ಖಾರ್‌ಲ್ಯಾಂಡ್’. ಸಮುದ್ರದ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟುವ ಒಡ್ಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಪ್ರಾಕ್ಟೀಸಿಗೆ ಅವರು ಆರಿಸಿಕೊಂಡಿರುವುದು ಒಂದು ಐಸ್ ಫ್ಯಾಕ್ಟರಿಯ ಮಾಳಿಗೆ. ಯಾಕೆಂದರೆ ಇಡೀ ಹೊನ್ನಾವರದಲ್ಲಿ ಇವರಿಗಿಂತ ಜೋರಾಗಿ ಗದ್ದಲ ಮಾಡುವುದು ಆ ಫ್ಯಾಕ್ಟರಿಯ ಮೋಟಾರು ಒಂದೇ.

ಎರಡು ವರ್ಷದಿಂದ ಅವರು ಒಂದು ಆಲ್ಬಮ್ ಮಾಡುತ್ತಿದ್ದಾರೆ. ಹೆಸರು ‘ಇಳಿತ’. ಸಮುದ್ರ ಹಿಂದೆ ಸರಿಯುವ ಹೊತ್ತು.

ಮೆಟಲ್ ಎಂದರೆ ಏನೆಂದು ಕೆಲವು ಓದುಗರಾದರೂ ಕೇಳಿಯಾರು. ನಾನೂ ಕೇಳಿದ್ದೆ. ನಾನು ಭಟ್ಕಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು; ದಿನವೂ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ಹಾಡು ಕೇಳುವುದಕ್ಕಲ್ಲ, ಪಕ್ಕದವರು ಮಾತಾಡಿಸದಿರಲಿ ಎಂದು. ಒಂದು ದಿನ ವಿನಯ್ ಹಾಡುಗಳನ್ನು ಫೋನಿಗೆ ಹಾಕಿಕೊಟ್ಟ. “ನಿಂಗೆ ಸುಮ್ಮನೇ ಹೊಗಳುಕೆ ಬರುದಿಲ್ಲ, ಅದ್ಕೆ ನಿಂಗೆ ಕೊಟ್ಟಿದ್ದು” ಎಂದ.

ಮೊದಲು ಗಿಟಾರಿನ ಒಂದು ಎಳೆ. ಚಂದ, ಸರಳ, ಒಮ್ಮೆ ಕೇಳಿದರೆ ನಾಲಗೆಗೆ ಅಂಟುವಂಥದ್ದು. ಇದನ್ನು ಹುಕ್ ಎನ್ನುತ್ತಾರಂತೆ. ಗಾಳದ ಕೊಕ್ಕೆ ಎಂದುಕೊಂಡೆ, ಅದೇ ಸರಿ. ಅದರ ಮೇಲೆ ಆಲ್ವಿನ್‌ನ ಸ್ವರ, ತಿಳಿನೀರಿನ ಹಾಗೆ. ಇದಕ್ಕೇಕೆ ಐಸ್ ಫ್ಯಾಕ್ಟರಿ ಬೇಕಿತ್ತು ಎಂದುಕೊಳ್ಳುತ್ತಿರುವಾಗ ಡ್ರಮ್ಸ್ ಬಿತ್ತು. ಆಮೇಲೆ ನನ್ನ ತಮ್ಮ ಬಾಯಿ ತೆರೆದ.

ಅದನ್ನು ಹೇಗೆ ಬರೆಯಲಿ? ಗಂಟಲಿನಿಂದ ಬರುವ ಸ್ವರವಲ್ಲ ಅದು. ತುಕ್ಕು ಹಿಡಿದ ಲಂಗರನ್ನು ಬಂಡೆಯ ಮೇಲೆ ಎಳೆದ ಹಾಗೆ. ಶಬ್ದಗಳಿರುತ್ತವೆ, ಕನ್ನಡದವೇ. ಆದರೆ ಒಂದೂ ತಿಳಿಯುವುದಿಲ್ಲ. ಮುರ್ಡೇಶ್ವರ ದಾಟುವುದರೊಳಗೆ ನಾನು ಇಯರ್‌ಫೋನ್ ಕಿತ್ತುಬಿಟ್ಟೆ.

ಆದರೆ ಮಧ್ಯಾಹ್ನ ಪರೀಕ್ಷೆಯ ಕೋಣೆಯಲ್ಲಿ ಹಿಂದಿನ ಬೆಂಚಿನ ಹುಡುಗಿ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಗುನುಗುತ್ತಿದ್ದೆ. ಆ ಹುಕ್ಕನ್ನು.

ಸಂಜೆ ವಾಪಸು ಬರುವಾಗ ಇನ್ನೂ ಕೆಲವನ್ನು ಕೇಳಿದೆ. ಅಷ್ಟು ಸವಿಯಾದ ರಾಗ, ಅದರ ನಡುವೆ ಅಂಥ ಕೂಗು. ಎರಡೂ ಒಂದೇ ಹಾಡಿನಲ್ಲಿ ಏಕೆ? ಯಾವುದೋ ಒಂದನ್ನು ಆರಿಸಿಕೊಳ್ಳಬಾರದೇ? ಹಾಗೆಂದು ಕೇಳಿದ್ದಕ್ಕೆ ವಿನಯ್ ಭುಜ ಕುಣಿಸಿದ. “ಮನೇಲಿ ಎರಡೂ ಇರ್ಲಿಲ್ವಾ?” ಎಂದ.

ಕೊನೆಗೆ ಬಂದದ್ದು ‘ಲೋಟ’ ಎಂಬ ಹಾಡು. ಅದನ್ನು ಕೇಳಿದ ಮೇಲೆ ಅವನ ಮಾತು ಅರ್ಥವಾಯಿತು.

*

ಅಪ್ಪ ಟೆಂಪೋ ಓಡಿಸುತ್ತಿದ್ದ. ಕುಮಟಾ–ಹೊನ್ನಾವರ. ಕ್ಲೀನರ್ ಇದ್ದರೂ ಊರುಗಳ ಹೆಸರು ಕೂಗುವುದು ಅವನೇ. ಸ್ಟೇರಿಂಗ್ ಹಿಡಿದುಕೊಂಡೇ ಕಿಟಕಿಯಿಂದ ತಲೆ ಹಾಕಿ ಕೂಗುತ್ತಿದ್ದ. ಹೆದ್ದಾರಿಯ ಆಚೆ ಬದಿಯವರಿಗೂ ಕೇಳುವ ಸ್ವರ. ಮನೆಯಲ್ಲೂ ಅದೇ ಸ್ವರ. ಅಪ್ಪ ನೀರು ಕೇಳಿದರೆ ದೇವಕಿಯಕ್ಕನ ಮನೆಯಲ್ಲಿ ಯಾರೋ ಏಳುತ್ತಿದ್ದರು.

ಆಮೇಲೆ ಗಂಟಲಿನಲ್ಲಿ ಗಡ್ಡೆ. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್. ಸ್ವರಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಉಸಿರಿಗೆಂದು ಒಂದು ರಂಧ್ರ ಉಳಿಯಿತು. ಪಿಸುಗುಟ್ಟುವುದಕ್ಕೂ ಸ್ವರವಿಲ್ಲ. ನರಳುವುದಕ್ಕೂ.

ಇದನ್ನು ಜನ ಯೋಚಿಸುವುದಿಲ್ಲ. ನೋವಾದರೆ ಅಯ್ಯೋ ಎನ್ನುವುದು ಎಷ್ಟು ದೊಡ್ಡ ಸೌಕರ್ಯ ಎಂದು.

ಮಂಚದ ಬದಿಗೆ ಒಂದು ಸ್ಟೀಲು ಲೋಟ ಮತ್ತು ಚಮಚ ಇಟ್ಟಿದ್ದೆವು. ಏನಾದರೂ ಬೇಕಾದರೆ ಅಪ್ಪ ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದ. ಟಕ್ ಟಕ್, ಟಕ್. ಕೂಡಲೇ ಯಾರಾದರೊಬ್ಬರು “ಬಂದೆ” ಎನ್ನಬೇಕು. ಕೈಯಲ್ಲಿ ಕೆಲಸವಿರಲಿ, ಬಚ್ಚಲಿನಲ್ಲಿರಲಿ, ಹೋಗುವುದು ತಡವಾದರೂ ಮೊದಲು “ಬಂದೆ” ಎನ್ನಬೇಕು. ಇಲ್ಲವಾದರೆ ತನ್ನ ಕರೆ ಯಾರಿಗೂ ಕೇಳಲಿಲ್ಲವೆಂದು ಹೆದರಿ ಬಡಿಯುತ್ತಲೇ ಇರುತ್ತಿದ್ದ. ಹೆಚ್ಚಾಗಿ ಹೇಳುತ್ತಿದ್ದವಳು ಆಯಿ. ನಿದ್ದೆಯಲ್ಲೂ ಹೇಳುತ್ತಿದ್ದಳು.

ಅಪ್ಪ ಹೋದ ದಿನ ದೇವಕಿಯಕ್ಕ ಅತ್ತರು. ಮಂಜಣ್ಣ ಬಿದಿರು ಹೇಳಿದರು, ವಿನಯ್ ಅವರ ಜೊತೆ ಕಟ್ಟಿಗೆಗೆ ಹೋದ. ನಮ್ಮಲ್ಲಿ ಅಳುವುದು ಹೆಂಗಸರ ಕೆಲಸ, ಗಂಡಸರಿಗೆ ಬೇರೆ ಕೆಲಸ ಇರುತ್ತದೆ. ಆದರೆ ಆಯಿಯೂ ಅಳಲಿಲ್ಲ. ಹನ್ನೆರಡನೆಯ ದಿನ ಕಳೆದ ಮೇಲೆ ಲೋಟವನ್ನು ತೊಳೆದು ಅಟ್ಟಕ್ಕೆ ಹಾಕಿದಳು. ಅಂದಿನಿಂದ ಆ ತಿಂಗಳುಗಳ ಮಾತು ನಮ್ಮ ಮನೆಯಲ್ಲಿಲ್ಲ. ಯಾರಾದರೂ ತೆಗೆದರೆ ಆಯಿ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಎದ್ದುಹೋಗುತ್ತಾಳೆ. ಒಲೆಯ ಮೇಲೆ ಏನೂ ಇರುವುದಿಲ್ಲ.

ವಿನಯ್ ಆ ಲೋಟವನ್ನು ಅಟ್ಟದಿಂದ ಇಳಿಸಿದ್ದ. ಹಾಡು ಶುರುವಾಗುವುದೇ ಅದರ ಸದ್ದಿನಿಂದ. ಟಕ್ ಟಕ್, ಟಕ್. ಮತ್ತೆ ಟಕ್ ಟಕ್, ಟಕ್. ಅದನ್ನೇ ಡ್ರಮ್ಸ್ ಎತ್ತಿಕೊಳ್ಳುತ್ತದೆ. ಗಿಟಾರು ಅದರ ಮೇಲೆ ರಾಗ ಕಟ್ಟುತ್ತದೆ. ಆಮೇಲೆ ಅವನ ಕೂಗು. ಅಪ್ಪನಿಗೆ ಒಮ್ಮೆಯೂ ಸಾಧ್ಯವಾಗದ ಕೂಗು.

ಬ್ಯಾಂಡಿನವರಿಗೆ ಅದೇ ಆಲ್ಬಮ್ಮಿನ ಮೊದಲ ಹಾಡಾಗಬೇಕೆಂಬ ಆಸೆ. ಆದರೆ ಆಯಿ ಕೇಳಿ ಒಪ್ಪದೇ ಅದನ್ನು ಹೊರಗೆ ಬಿಡುವುದಿಲ್ಲ ಎಂದು ವಿನಯ್ ಹೇಳಿದ. ಆಯಿ ಅದನ್ನು ಕೇಳಲೇಬಾರದು ಎಂದು ನಾನು ಹೇಳಿದೆ.

“ಯಾಕೆ? ಅವಳೂ ಸುಮ್ಮನೇ ಇದ್ದಾಳೆ ಅಂತ್ಲಾ?”

“ಸುಮ್ಮನಿರೂದೂ ಒಂದು ಔಷಧ. ಕಿತ್ತು ತೆಗೀಬೇಡ.”

ಅವನು ಒಪ್ಪಲಿಲ್ಲ, ನನ್ನನ್ನು ಮೀರಿ ಕೇಳಿಸಲೂ ಇಲ್ಲ. ತಿಂಗಳಿಂದ ಆಲ್ಬಮ್ಮಿನ ಬಿಡುಗಡೆ ಅಲ್ಲೇ ನಿಂತಿತ್ತು.

*

ಕೊನೆಯ ತಿದ್ದುಪಡಿಗಳನ್ನು ಅವನು ಮನೆಯಲ್ಲೇ ರೆಕಾರ್ಡ್ ಮಾಡುತ್ತಿದ್ದ. ಅಪ್ಪನ ಕೋಣೆ. ಕೆಂಪುಕಲ್ಲಿನ ದಪ್ಪ ಗೋಡೆ, ಕಿಟಕಿಗೆ ಹಳೆಯ ಕಂಬಳಿಗಳು. ಹೊರಗೆ ಕೇಳುತ್ತಿದ್ದುದು ದೂರದಲ್ಲಿ ಎಮ್ಮೆ ಕರೆದಷ್ಟೇ. ಭಾನುವಾರ ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು, ಸೆಕೆ ತಡೆಯಲಾಗಲಿಲ್ಲ, ಕಂಬಳಿ ತೆಗೆದು ಕಿಟಕಿ ತೆರೆದ. ಕರೆಂಟಿಲ್ಲದ ಕೇರಿಯಲ್ಲಿ ಟಿವಿ ಇಲ್ಲ, ಮಿಕ್ಸರ್ ಇಲ್ಲ, ಪಂಪಿಲ್ಲ. ಆ ನಿಶ್ಶಬ್ದದಲ್ಲಿ ಅವನ ಕೂಗು ಮನೆಮನೆಗೂ ಹೋಯಿತು. ತಿಂಗಳ ಹಿಂದಷ್ಟೇ ಆಯಿಯನ್ನು ಬಿ.ಪಿ. ಹೆಚ್ಚಾಗಿ ಡಾಕ್ಟರ ಹತ್ತಿರ ಕರೆದೊಯ್ದದ್ದು ಎಲ್ಲರಿಗೂ ಗೊತ್ತಿತ್ತು. ಮಗ ಹಾಗೆ ಕೂಗಬೇಕಾದರೆ ಇನ್ನೇನಾಗಿರಬೇಕು?

(ನಾನು ಕೂಗಿದ್ದಿರಬಹುದೆಂದು ಒಬ್ಬರಿಗೂ ಅನಿಸಲಿಲ್ಲ. ಅದನ್ನು ಗಮನಿಸಿದೆ.)

ವಿಷಯ ತಿಳಿದ ಮೇಲೆ ನಕ್ಕು ಹೋಗಬೇಕಿತ್ತು ತಾನೇ? ಆದರೆ ಹೊಸ ತೊಡಕು ಎದ್ದಿತು. ಸಾವಿನ ಮನೆಗೆ ಹೋದವರು ಮೀಯದೇ ತಮ್ಮ ಮನೆಯೊಳಗೆ ಕಾಲಿಡುವಂತಿಲ್ಲ. ಈಗ ಮೀಯಬೇಕೋ ಬೇಡವೋ?

“ಹೆಣ ಇಲ್ಲದ ಮೇಲೆ ಎಂತಾ ಮೀಯೂದು?” ಎಂದರು ಮಂಜಣ್ಣ.

“ಹೆಣ ಇಲ್ಲ, ಆದ್ರೆ ನಾ ಅತ್ತದ್ದು ಸುಳ್ಳಾ?” ದೇವಕಿಯಕ್ಕ ರೇಗಿದರು. “ಹೆಸರು ಹಿಡಿದು ಅತ್ತಿದೇನೆ. ಹಂಗೇ ಹೋಗಿ ಒಲೆ ಮುಟ್ಟುಕೆ ಆಗುದಿಲ್ಲ ನಂಗೆ.”

“ಹಂಗಾರೆ ಅತ್ತವರು ಮಾತ್ರ ಮೀಯಿ.”

“ಬಿದಿರು ಹೇಳಿದವ್ರು?”

ಮಂಜಣ್ಣ ಫೋನನ್ನು ಕಿಸೆಗೆ ಹಾಕಿಕೊಂಡರು.

ಆಯಿ ಗೇಟಿನಾಚೆ ಇಟ್ಟಿದ್ದ ಮೀನನ್ನು ತಂದು ಅಡುಗೆಮನೆಗೆ ಹೋಗುತ್ತ, “ಕೂತ್ಕಣಿ, ಬಂದವ್ರು ಚಾ ಕುಡ್ದು ಹೋಗಿ. ಸತ್ತಿದ್ರೆ ಚಾ ಕೂಡಾ ಸಿಗ್ತಿರ್ಲಿಲ್ಲ” ಎಂದಳು. ಎಲ್ಲರೂ ನಕ್ಕರು. ಆಯಿ ತಮಾಷೆ ಮಾಡಿದ್ದು ಕೇಳಿ ಎಷ್ಟೋ ದಿನವಾಗಿತ್ತು.

ಹಾಗೆ ಕೂತದ್ದೇ ಎಡವಟ್ಟಾಯಿತು. ಕೂತ ಮೇಲೆ ಮಂಜಣ್ಣನಿಗೆ ಕುತೂಹಲ. “ಅಷ್ಟು ಜನರ ಜೀವ ತೆಗೆದ ಹಾಡು ಎಂತದ್ದು? ಹಾಕು ತಮಾ, ಕೇಳುವ.”

ವಿನಯ್ ನನ್ನ ಮುಖ ನೋಡಿದ. ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ. ಅವನು ತಲೆಯಾಡಿಸಿ, ಬ್ಯಾಟರಿಯ ಪುಟ್ಟ ಸ್ಪೀಕರ್ ತಂದು, ಬೇರೊಂದು ಹಾಡು ಹಾಕಿದ. ಬಂದರಿನ ಮೇಲಿನ ಹಾಡು. ಅದರಲ್ಲಿ ಭಯಪಡುವಂಥದ್ದೇನೂ ಇಲ್ಲ.

ಗಿಟಾರಿನ ಹುಕ್ ಬಂತು. ದೇವಕಿಯಕ್ಕನ ತಲೆ ತಾನಾಗಿ ಆಡಿತು. “ಲಾಯ್ಕಿತ್ತು. ಯಾರಿವ, ಹಾಡೂದು?”

“ಆಲ್ವಿನ್.”

ಆಮೇಲೆ ಮತ್ತೊಂದು ಸ್ವರ ಬಂತು. ದೇವಕಿಯಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡರು. “ಇದು?”

“ಇದು ನಾನು.”

ಅವರು ಅವನನ್ನು ಮರುಕದಿಂದ ನೋಡಿದರು. “ನಿಂಗೆ ಯಾರೂ ಚಂದದ ಭಾಗ ಕೊಡ್ಲಿಲ್ಲನಾ ತಮಾ?”

ಎಲ್ಲರೂ ನಕ್ಕರು. ವಿನಯ್ ಕೂಡ. ನಾನೂ ನಕ್ಕೆ. ನಗುತ್ತಿದ್ದುದರಿಂದಲೇ ಹಾಡು ಮುಗಿದದ್ದು ಯಾರ ಗಮನಕ್ಕೂ ಬರಲಿಲ್ಲ. ಒಂದು ಮುಗಿದರೆ ಮುಂದಿನದು ತಾನಾಗಿ ಶುರುವಾಗುತ್ತದೆ ಎಂಬುದು ಮೈಕ್ ಸೆಟ್ ಅಂಗಡಿಯವನಿಗೂ ನೆನಪಾಗಲಿಲ್ಲ.

ಟಕ್ ಟಕ್, ಟಕ್.

“ಬಂದೇ...” ಅಡುಗೆಮನೆಯಿಂದ ಆಯಿ ಹೇಳಿದಳು.

ಏನೂ ಆಗಿಲ್ಲವೆಂಬಂತೆ, ಎಂದಿನ ಸ್ವರದಲ್ಲಿ. ಕತ್ತಿ ಕೆಳಗಿಟ್ಟ ಸದ್ದು. ನಲ್ಲಿ ತಿರುಗಿಸಿದ ಸದ್ದು. ಒಂದು ಗಳಿಗೆಯಲ್ಲಿ ಆಯಿ ಹೊರಗೆ ಬಂದಳು. ಒದ್ದೆ ಕೈ, ಮುಂಗೈಗೆ ಅಂಟಿದ ಮೀನಿನ ಹುರುಪೆ. ನಮ್ಮ ಯಾರ ಕಡೆಗೂ ನೋಡಲಿಲ್ಲ. ನೆಟ್ಟಗೆ ಅಪ್ಪನ ಕೋಣೆಗೆ ಹೋದಳು. ಬಾಗಿಲಲ್ಲಿ ನಿಂತಳು.

ಒಳಗೆ ಮಂಚವಿಲ್ಲ. ಮೈಕಿನ ಸ್ಟ್ಯಾಂಡು, ಲ್ಯಾಪ್‌ಟಾಪು, ಕೆಳಗೆ ಬಿದ್ದ ಕಂಬಳಿಗಳು.

ಟಕ್ ಟಕ್, ಟಕ್.

ವಿನಯ್ ಸ್ಪೀಕರಿನ ಎದುರಿಗೇ ಇದ್ದ. ಕೈ ಚಾಚಿದರೆ ಸಿಗುತ್ತಿತ್ತು. ಅವನ ಕೈ ಮೇಲೇಳಲಿಲ್ಲ. ಡ್ರಮ್ಸ್ ಬಂತು. ಗಿಟಾರು ಬಂತು. ಆಮೇಲೆ ಆ ಕೂಗು. ಕೊನೆಗೆ ಮಂಜಣ್ಣ ಎದ್ದು ಸ್ಪೀಕರ್ ಎತ್ತಿಕೊಂಡು ಬಟನ್ ಹುಡುಕತೊಡಗಿದರು.

“ಇರ್ಲಿ” ಎಂದಳು ಆಯಿ. ಬೆನ್ನು ತಿರುಗಿಸಿಯೇ.

ಮಂಜಣ್ಣ ಸ್ಪೀಕರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಕೆಳಗಿಡಲು ಧೈರ್ಯವಿಲ್ಲ. ಹಾಡು ಪೂರ್ತಿ ಮುಗಿಯುವವರೆಗೆ, ತೀರಾ ಎಳೆಯ ಮಗುವನ್ನು ಹಿಡಿದವರ ಹಾಗೆ ನಿಂತಿದ್ದರು. ದೇವಕಿಯಕ್ಕ ಮತ್ತೆ ಅಳುತ್ತಿದ್ದರು. ಈ ಸಲ ಹೆಸರಿಲ್ಲ, ಮಾತಿಲ್ಲ, ರಾಗವಿಲ್ಲ. ಮೂಗು ಸುರಿಯುತ್ತಿತ್ತು ಅಷ್ಟೇ. ಅಳುವ ಕ್ರಮವೆಲ್ಲ ಮರೆತು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಹಾಡು ನಿಂತಿತು.

“ಮುಗೀತಾ?” ಆಯಿ ಕೇಳಿದಳು.

“ಮುಗೀತು ಆಯಿ.” ವಿನಯ್ ಎದ್ದು ನಿಂತ. “ಅದ್ನ ತೆಗೀತೆ. ಆಲ್ಬಮ್ಮಿಂದ ತೆಗೀತೆ. ಅಕ್ಕ ಮೊದಲೇ ಹೇಳಿದ್ಲು...”

ಆಯಿ ತಿರುಗಿದಳು. ಮುಖದಲ್ಲಿ ನೀರಿರಲಿಲ್ಲ. ತಪ್ಪು ಲೆಕ್ಕವನ್ನು ಕಂಡವಳ ಹಾಗೆ ಹುಬ್ಬು ಗಂಟಿಕ್ಕಿತ್ತು.

“ಅದ್ರಲ್ಲಿ ‘ಬಂದೆ’ ಅಂಬುದು ಇಲ್ಯಲ್ಲ” ಎಂದಳು.

ನಮಗೆ ತಿಳಿಯಲಿಲ್ಲ.

“ಲೋಟ ಬಡೀತದೆ, ಬಡೀತದೆ. ಯಾರೂ ಓ ಅನ್ನುದಿಲ್ಲ. ನಾವು ಅವ್ರನ್ನ ಹಂಗೆ ಬಿಟ್ಟಿದ್ವಾ? ಒಂದ್ ದಿನಾ ಬಿಟ್ಟಿದ್ವಾ? ಕೇಳಿದವ್ರು ಎಂತಾ ತಿಳ್ಕಂಬುದು?”

ವಿನಯ್ ಕೋಣೆಯ ಕಡೆ ಕೈ ತೋರಿಸಿದ. ಮೆಲ್ಲಗೆ ಹೇಳಿದ: “ನೀ ಹೇಳ್ತ್ಯಾ ಆಯಿ? ಮೈಕ್ ಅಲ್ಲೇ ಅದೆ. ಒಂದ್ ಸಲ ‘ಬಂದೆ’ ಅಂದ್ರೆ ಸಾಕು. ಸೇರಿಸ್ತೆ.”

ಆಯಿ ಮೈಕಿನ ಕಡೆ ನೋಡಿದಳು. ಮಂಚವಿದ್ದ ಜಾಗದಲ್ಲೇ ಅದು ನಿಂತಿತ್ತು.

“ಈಗ ಬಂದೆ ಅಂದು ಯಾರ ಹತ್ರ ಹೋಗೂದು?”

ಅಡುಗೆಮನೆಗೆ ನಡೆದಳು. ನಾನು ಹಿಂದೆ ಹೋದೆ. ಮೀನು ಹಾಗೇ ಇತ್ತು. ಕತ್ತಿ ಕೈಗೆತ್ತಿಕೊಂಡು, ನನಗಲ್ಲ, ಹೊರಗಿದ್ದವನಿಗೆ ಕೇಳುವಂತೆ ಹೇಳಿದಳು:

“ತೆಗೀಬ್ಯಾಡ. ಲೋಟ ಬಡಿದ ಮೇಲೆ ಸ್ವಲ್ಪ ಜಾಗ ಬಿಡು.”

*

ಅಂದು ಎಲ್ಲರೂ ಮಿಂದರು. ಯಾರೂ ಮತ್ತೆ ವಾದ ಮಾಡಲಿಲ್ಲ. ಬಿದಿರು ಹೇಳಿದವರೂ ಮಿಂದರು. ಒಂದೊಂದೇ ಮನೆಯ ಬಚ್ಚಲಿನಿಂದ ಚೊಂಬಿನಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ದೇವಕಿಯಕ್ಕ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬೇಲಿಯ ಬಳಿ ಬಂದು ಕೂಗಿದರು: “ಶಾರದೇ, ನೀ ಮಿಂದ್ಯನೇ?”

“ಸತ್ತವಳು ನಾನು” ಎಂದಳು ಆಯಿ. “ನಂಗೆಂತಾ ಮೀಯೂದು?”

ಆದರೆ ಮಿಂದಳು. ಬಹಳ ಹೊತ್ತು ಮಿಂದಳು. ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಇತ್ತೋ ಇಲ್ಲವೋ ನಾನು ಕಿವಿಗೊಟ್ಟು ಕೇಳಲಿಲ್ಲ. ಅಷ್ಟು ಮರ್ಯಾದೆ ಆಯಿಗೆ ಸಲ್ಲಬೇಕು.

ಸುಮ್ಮನಿರುವುದು ಔಷಧ ಎಂದಿದ್ದೆನಲ್ಲ? ಈಗ ಅಷ್ಟು ಖಚಿತವಿಲ್ಲ. ಮಾತಾಡದ ಮನೆಗಳನ್ನು ನಾವು ಗಟ್ಟಿ ಮನೆಗಳೆಂದು ತಿಳಿಯುತ್ತೇವೆ. ‘ಎಷ್ಟು ಧೈರ್ಯ ನೋಡಿ, ಕಣ್ಣಲ್ಲಿ ಒಂದು ಹನಿ ಇಲ್ಲ’ ಎಂದು ಹೊಗಳುತ್ತೇವೆ. ಹನ್ನೆರಡು ದಿನ ಸೂತಕ, ಹದಿಮೂರಕ್ಕೆ ಸಿಹಿ ಊಟ, ಹದಿನಾಲ್ಕಕ್ಕೆ ಕೆಲಸಕ್ಕೆ ಹಾಜರು. ಅಷ್ಟರಲ್ಲಿ ಮುಗಿಯದ ದುಃಖವನ್ನು ಎಲ್ಲಿಡಬೇಕೆಂದು ಯಾರೂ ಹೇಳುವುದಿಲ್ಲ. ಆಯಿ ಅದನ್ನು ಅಟ್ಟದ ಮೇಲಿಟ್ಟಳು. ತಮ್ಮ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ. ನಾನು? ನನಗೆ ಉತ್ತರಪತ್ರಿಕೆಗಳಿದ್ದವು.

ವಿನಯ್ ಸೋಮವಾರವೇ ಹಾಡನ್ನು ತಿದ್ದಿದ. ಲೋಟದ ಸದ್ದಾದ ಮೇಲೆ ಈಗ ಅಲ್ಲಿ ಏನೂ ಇಲ್ಲ. ಗಿಟಾರಿಲ್ಲ, ಉಸಿರಿನ ಸದ್ದೂ ಇಲ್ಲ. ಒಂದು ಮಾತು ಹಿಡಿಸುವಷ್ಟು ಜಾಗ. ಫೋನಿನಲ್ಲಿ ಮೂವರೂ ಮಾತಾಡುವಾಗ ನಾನು ಪಕ್ಕದಲ್ಲಿದ್ದೆ. ಆಲ್ವಿನ್ ಗೊಣಗಿದ: “ಹುಕ್ ಬರೂಕಿಂತ ಮೊದ್ಲೇ ಹಾಡು ನಿಂತಂಗೆ ಆಗ್ತದೆ ರೇ. ಕೇಳುವವ್ರು ನೆಟ್‌ವರ್ಕ್ ಹೋಯ್ತು ಅಂತ ಫೋನ್ ಅಲ್ಲಾಡಿಸ್ತಾರೆ.”

ಫಯಾಜ್ ಹೇಳಿದ: “ಇರ್ಲಿ ಬಿಡು ಭಾಯ್. ನಾನು ಅಲ್ಲಿ ಕೈ ಎತ್ತಿ ಹಿಡೀತೇನೆ. ಹೊಡೆಯೂದಿಲ್ಲ.”

ಆಲ್ಬಮ್ ಬರುತ್ತದೆ. ‘ಲೋಟ’ವೇ ಮೊದಲ ಹಾಡು. ಎಷ್ಟು ಜನ ಕೇಳುತ್ತಾರೋ ಗೊತ್ತಿಲ್ಲ. ಇಂಥ ಹಾಡಿಗೆ ನಮ್ಮ ಕಡೆ ದೊಡ್ಡ ಗಿರಾಕಿಗಳೇನಿಲ್ಲ.

ನಿನ್ನೆ ಬೆಳಿಗ್ಗೆ ಭಟ್ಕಳದ ರೈಲಿನಲ್ಲಿ ತಿದ್ದಿದ ಹಾಡು ಕೇಳುತ್ತಿದ್ದೆ. ಕಿಟಕಿಯ ಬದಿಯ ಸೀಟು, ಕಿವಿಗೆ ಇಯರ್‌ಫೋನ್, ಯಾರೂ ಮಾತಾಡಿಸುವುದಿಲ್ಲ ಎಂಬ ನೆಮ್ಮದಿ. ಟಕ್ ಟಕ್, ಟಕ್. ಆಮೇಲೆ ಆ ಜಾಗ ಬಂತು. ಹೋಯಿತು. ಗಿಟಾರು ಶುರುವಾಗುವಾಗ, ಎದುರು ಸೀಟಿನಲ್ಲಿ ಮೀನಿನ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡಿದ್ದ ಹೆಂಗಸು ನನ್ನ ಮೊಣಕಾಲು ತಟ್ಟಿದರು. ಇಯರ್‌ಫೋನ್ ತೆಗೆದೆ. ಬೋಗಿಯವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಆಗಲೇ ಗೊತ್ತಾದದ್ದು, ನಾನು ಆ ‘ಬಂದೆ’ಯನ್ನು ಬಾಯಿಬಿಟ್ಟು, ಜೋರಾಗಿಯೇ ಹೇಳಿದ್ದೆ.

ಆ ಹೆಂಗಸು ಹಿಂದೆ ತಿರುಗಿ ನೋಡಿ, ಮತ್ತೆ ನನ್ನನ್ನು ನೋಡಿ ಕೇಳಿದರು: “ಯಾರು ಕರದ್ರು ತಂಗಿ?”